ಕರಾಮದಲ್ಲೊಂದು ಕೊರಿಯನ್ ಪ್ರಾರ್ಥನೆ

ದುಬೈಯ ಕರಾಮದ ಫ್ಲ್ಯಾಟಿನಲ್ಲಿ ರೀಮಾಳ ಪ್ರಾರ್ಥನೆಯ ನಡುವೆಯೇ ಅವಳ ತಂದೆ ಪಾಯ್ಸ್ ವೈಫೈ ಪ್ಲಗ್ಗು ಕಿತ್ತರು. ಲ್ಯಾಪ್‌ಟಾಪಿನಲ್ಲಿ ಕಣ್ಣು ಮುಚ್ಚಿದ್ದ ಕೊರಿಯನ್ ಟೀಚರು ಹಾಗೇ ಸ್ತಬ್ಧರಾಗಿ, ಇನ್ನಷ್ಟು ಭಕ್ತರಂತೆ ಕಂಡರು. “ಖಲಾಸ್,” ಎಂದರು ಪಾಯ್ಸ್, ಅಡಿಗೆಮನೆಗೆ ಕೇಳುವಂತೆ. “ಕ್ಯಾಥೊಲಿಕರ ಮನೆಯಲ್ಲಿ ಹುಟ್ಟಿ ಆ ಅಮೆರಿಕದ ಮಾರ್ಮನ್ ಚರ್ಚಿನ ಮಿಷನರಿ ಆಗ್ಲಿಕ್ಕೆ ಹೊರಟಿದ್ದಾಳೆ, ಅದೂ ಕೊರಿಯಾಕ್ಕೆ.”

ರೀಮಾ ಮಂಡಿಯೂರಿದಲ್ಲಿಂದ ಏಳಲಿಲ್ಲ. ಮನೆಯಲ್ಲೇ ಕೂತು ಕಲಿಯುವ ತರಬೇತಿ ಶುರುವಾಗಿ ವಾರವಾಗಿತ್ತಷ್ಟೆ. ಕೊರಿಯನ್ನಿನಲ್ಲಿ ಬರುತ್ತಿದ್ದದ್ದು ನಾಲ್ಕೇ ವಾಕ್ಯ. ಎದೆಯ ಮಿಷನರಿ ಬ್ಯಾಡ್ಜು ನೆಟ್ಟಗೆ ಮಾಡಿಕೊಂಡು ಆ ನಾಲ್ಕನ್ನೂ ಮೊದಲಿನಿಂದ, ಪಕ್ಕದ ಫ್ಲ್ಯಾಟಿಗೂ ಕೇಳುವಂತೆ ಹೇಳತೊಡಗಿದಳು.

“ಯಾರಿಗೆ ಹೇಳೂದು ಮಾರಾಯ್ತಿ? ನೆಟ್ಟೇ ಇಲ್ಲ.”

“ಅವನಿಗೆ ನೆಟ್ ಬೇಡ ಡ್ಯಾಡಿ,” ಎಂದು ಮತ್ತೆ ಶುರುಮಾಡಿ, “ಆಮೆನ್” ಎನ್ನುವವರೆಗೂ ನಿಲ್ಲಿಸಲಿಲ್ಲ.

“ಆಮೆನ್,” ಎಂದರು ಅಡಿಗೆಮನೆಯಿಂದ ಅಮ್ಮ ಮಾರ್ಟಿನಾ. ಪಾಯ್ಸ್ ಗಕ್ಕನೆ ತಿರುಗಿ ಹೆಂಡತಿಯನ್ನು ನೋಡಿದರು. ಆಕೆ ಕಾವಲಿಯ ಬಂಗುಡೆ ಮೀನನ್ನು ಮಗುಚಿಹಾಕಿ, ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ, “ಆಮೆನ್” ಎಂದರು.