ಎರಡು ಅಕ್ಷರ

ಪ್ರಿಸ್ಕಿಯಾನಸ್ ಹೊಸ ಕಂಚಿನ ನಾಣ್ಯವನ್ನು ರೊಟ್ಟಿಯಂಗಡಿಯ ಹಲಗೆಯ ಮೇಲಿಟ್ಟು, ಅದರಲ್ಲಿ ಹೆಣೆದುಕೊಂಡಿದ್ದ ಕ್ರಿಸ್ತನ ಹೆಸರಿನ ಎರಡು ಅಕ್ಷರಗಳನ್ನು ತೋರಿಸಿದ. “ನೋಡಮ್ಮಾ, ರೋಮಿನ ಚಕ್ರವರ್ತಿಯೇ ಕ್ರಿಸ್ತನ ಕಡೆಗಾದ, ನಮ್ಮ ಕಾಲ ಬಂತು! ನಾನು ಮೊದಲಿಂದಲೂ ಒಳಗೊಳಗೇ ನಿಮ್ಮವನೇ. ನಿಮ್ಮ ಕ್ರೈಸ್ತ ಸಭೆಯ ಹಿರಿಯರಿಗೆ ಒಂದ್ಮಾತು ಹೇಳು, ಅರಮನೆ ಕೆಲಸ ನಂಗೇ ಸಿಗತ್ತೆ.”

ರೊಟ್ಟಿ ಮಾರುವ ಡೊಮ್ನಾ ಅವನ ಮುಖ ನೋಡಿದಳು. ಅವನಿಗೆ ಅವಳ ಗುರುತಿರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ, ಕ್ರೈಸ್ತರನ್ನು ಹಿಡಿದು ಹಿಂಸಿಸುತ್ತಿದ್ದ ಕಾಲದಲ್ಲಿ, ನಿಕೊಮೀಡಿಯ ಪಟ್ಟಣದ ಇದೇ ಬೀದಿಯ ಗೋಡೆಯ ಮೇಲೆ ಇವೇ ಅಕ್ಷರಗಳನ್ನು ಇದ್ದಿಲಿನಿಂದ ಬರೆದದ್ದಕ್ಕೆ ಅವಳ ಗಂಡನ ಬೆರಳುಗಳನ್ನು ಒಂದೊಂದಾಗಿ ಮುರಿಸಿದ ಅಧಿಕಾರಿ ಅವನೇ.

ಅವಳು ನಾಣ್ಯವನ್ನು ಅಂಗೈಯಿಂದ ಮುಚ್ಚಿ, ಹಲಗೆಯ ಮೇಲೆ ಒಂದು ಹಿಡಿ ಹಿಟ್ಟು ಹರಡಿದಳು. “ಹಾಗಾದ್ರೆ ಇಲ್ಲಿ ಬರೀರಿ ಸ್ವಾಮಿ, ನೋಡೋಣ.”

ಅವನು ನಗುತ್ತಲೇ ಒಂದು ಗೆರೆ ಎಳೆದ. ಅದಕ್ಕೆ ಅಡ್ಡವಾಗಿ ಇನ್ನೊಂದು ಎಳೆದ. ಆಮೇಲೆ ಬೆರಳು ಅಲ್ಲೇ ನಿಂತಿತು. ರೊಟ್ಟಿಗೆ ಕಾದಿದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು.

“ಇದನ್ನ ಬರೆದ್ರು ಅಂತ ನನ್ನ ಗಂಡನ ಬೆರಳು ಮುರಿಸಿದ್ಯಲ್ಲೋ,” ಎಂದಳು ಡೊಮ್ನಾ. “ಅವ್ರು ಏನು ಬರೆದಿದ್ರು ಅಂತ ಒಂದ್ಸಲ ಕಣ್ಣೆತ್ತಿ ನೋಡ್ಲೂ ಇಲ್ವೇನೋ?”