ತಪಾಸಣೆಯ ದಿನದ ಕಾಲುಗಳು

ಅಂಗವಿಕಲರ ಹಕ್ಕುಗಳ ಒಪ್ಪಂದ ಜಾರಿಯಾಗಿದೆಯೇ ಎಂದು ನೋಡಲು ವರ್ಷಕ್ಕೊಮ್ಮೆ ವಿದೇಶಿ ಸಮಿತಿ ಬರುತ್ತಿತ್ತು. ಅಂದು ಒಂದು ದಿನದ ಮಟ್ಟಿಗೆ ಸರ್ಕಾರ ನಡೆಯಲಾಗದವರಿಗೆಲ್ಲ ಯಂತ್ರದ ಕಾಲು ಕೊಡುತ್ತಿತ್ತು. ಕಸ್ತೂರಿ ಗಾಲಿಕುರ್ಚಿಯನ್ನು ಕಚೇರಿಯ ಬಾಗಿಲಲ್ಲೇ ಬಿಟ್ಟು, ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು, ಮೂರನೆಯ ಮಹಡಿಗೆ ನಡೆದೇ ಹತ್ತಿದಳು. ಲಿಫ್ಟ್ ಬೇಕೆಂದು ಏಳು ವರ್ಷದಿಂದ ಅವಳು ಕೊಟ್ಟ ಅರ್ಜಿಗಳೆಲ್ಲ ಅಲ್ಲೇ ಇದ್ದವು.

“ಮೆಟ್ಟಿಲು ಹತ್ತಾಕ ತ್ರಾಸ ಆತೇನ್ರಿ ಅಕ್ಕಾರ?” ಸಮಿತಿಯ ಎದುರು ಗುಮಾಸ್ತ ಕೇಳಿದ.

ಕಾಲ ಮೇಲೆ ನಿಂತ ಸಂಭ್ರಮದಲ್ಲಿ ಅವಳಿಗೆ ಅರ್ಜಿಯೇ ಮರೆತುಹೋಯಿತು. “ಇಲ್ರೀ, ಹಾರ್ಕೋತ ಬಂದೆ!”

ಲಿಫ್ಟ್ ಅಗತ್ಯವಿಲ್ಲ ಎಂದು ಬರೆದುಕೊಂಡು ಸಮಿತಿ ಹೊರಟುಹೋಯಿತು. ಐದು ಗಂಟೆಗೆ ಗುಮಾಸ್ತ ಅವಳ ಕಾಲುಗಳನ್ನು ಬಿಚ್ಚಿಸಿಕೊಂಡು, ಧೂಳು ಒರೆಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ಕಸ್ತೂರಿ ಕೂತುಕೊಂಡೇ, ಹೊಸ ಸೀರೆಯಿಂದ ಮೂರು ಮಹಡಿಯ ಮೆಟ್ಟಿಲುಗಳನ್ನೆಲ್ಲ ಒರೆಸುತ್ತ ಇಳಿದಳು.