ಬಿಸಿಲಿಗೆ ಅಡ್ಡ ನಿಂತವಳು

ಸೂರ್ಯ ಮುಳುಗಿದ ಮೇಲೆ ಹವಾಮಾನ ಕಚೇರಿಯ ತಾರಸಿಯಲ್ಲಿ ಗಾಜಿನ ಗುಂಡಿನ ಹಿಂದಿನಿಂದ ಕಾರ್ಡನ್ನು ಎಳೆದ ವೀಕ್ಷಕ ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಸುಟ್ಟಿರಬೇಕಾಗಿದ್ದ ಕಂದು ಗೆರೆ, ನಾಲ್ಕು ಗಂಟೆ ದಾಟಿದಲ್ಲಿ ಹಲ್ಲು ಬಿದ್ದ ಬಾಯಿಯಂತೆ ಕಿಸಿದುಕೊಂಡಿತ್ತು.

ಆ ಗುಂಡಿನ ಕೆಲಸ ಸರಳ. ಬಿಸಿಲು ಅದರೊಳಗೆ ಹಾದು ಹಿಂದಿನ ಕಾರ್ಡನ್ನು ಸುಡುತ್ತದೆ. ಮೋಡ ಬಂದಷ್ಟು ಹೊತ್ತು ಸುಡುವುದಿಲ್ಲ. ಸಂಜೆ ಗೆರೆಯನ್ನು ಅಳೆದರೆ ಆ ದಿನದ ಬಿಸಿಲಿನ ಲೆಕ್ಕ ಸಿಕ್ಕಿಬಿಡುತ್ತದೆ. ಈ ನಗರದಲ್ಲಿ ಸೆಕೆಯ ದಾಖಲೆಗೆ ಈಗ ಕವಡೆ ಕಿಮ್ಮತ್ತಿಲ್ಲ. ವರ್ಷ ಬಿಟ್ಟು ವರ್ಷ ಅದು ಮುರಿದು, ಬರೆದು ಬರೆದು ಪತ್ರಿಕೆಯವರಿಗೂ ಸಾಕಾಗಿದೆ. ಬಿಸಿಲಿನ ದಾಖಲೆ ಹಾಗಲ್ಲ. ಅದಕ್ಕೆ ವರ್ಷದಲ್ಲೇ ಅತಿ ಉದ್ದದ ಹಗಲು ಬೇಕು, ಆ ಹಗಲಿಡೀ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿರಬೇಕು. ಹಿಂದಿನ ವೀಕ್ಷಕರು, ಅಂದರೆ ಎಲ್ಲರ ಬಾಯಲ್ಲಿ 'ದೊಡ್ಡ ಸಾಹೇಬರು', ತಮ್ಮ ಯೌವನದಲ್ಲಿ ಅಂಥದೊಂದು ದಿನವನ್ನು ಹಿಡಿದಿಟ್ಟಿದ್ದರು. ಅದನ್ನು ಮೀರಿಸಲು ಇವನು ಸರ್ವಿಸ್ ಪೂರ್ತಿ ಆಕಾಶ ನೋಡಿದ್ದೇ ಬಂತು. ಇದು ಕೊನೆಯ ಬೇಸಿಗೆ. ಮುಂದಿನ ವರ್ಷದ ಹೊತ್ತಿಗೆ ಇವನು ನಿವೃತ್ತ. ಗುಂಡಿನ ಜಾಗದಲ್ಲಿ ಯಂತ್ರ.

ಇವತ್ತು ಬೆಳಗಿನಿಂದ ಮೋಡದ ಸುಳಿವೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮದುವೆಯಾದಾಗಿನಿಂದ ಒಂದು ಸಲವೂ ಹೆಂಡತಿಯನ್ನು ಈ ತಾರಸಿಗೆ ಕರೆಯದವನು ಫೋನು ಮಾಡಿ, "ಬೇಗ ಬಾ, ನಿನ್ನ ಗಂಡ ಏನು ಸಾಧಿಸ್ತಾನೆ ಅಂತ ನೋಡು" ಎಂದಿದ್ದ. ಅವಳು ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು, ಇಸ್ತ್ರಿ ಸೀರೆ ಉಟ್ಟು ಬಂದಿದ್ದಳು.

ಈಗ ಅವನು ಕಾರ್ಡನ್ನು ಅವಳ ಮೂಗಿನ ಹತ್ತಿರ ಹಿಡಿದ.

"ನಾಲ್ಕು ಗಂಟೆ ಮೇಲೆ ನಾನು ಉಷ್ಣಮಾಪಕ ನೋಡಕ್ಕೆ ಕೆಳಗೆ ಹೋಗಿದ್ನಲ್ಲ, ಆಗ ಗುಂಡು ಮುಟ್ಟಿದ್ಯಾ?"

"ದೇವರಾಣೆಗೂ ಇಲ್ಲ! ಮುಟ್ಟಬೇಡ, ಮುಟ್ಟಬೇಡ ಅಂತ ಮೆಟ್ಟಿಲಿಳಿಯೋವರೆಗೂ ಬಡ್ಕೊಂಡ್ರಲ್ಲ. ಕೈ ಹಿಂದೆ ಕಟ್ಕೊಂಡೇ ನಿಂತಿದ್ದೆ."

"ಎಲ್ಲಿ ನಿಂತಿದ್ದೆ?"

ಅವಳು ಹೋಗಿ ಗುಂಡಿನ ಪಡುವಣಕ್ಕೆ ನಿಂತು, ಕೈ ಹಿಂದೆ ಕಟ್ಟಿ ಬಗ್ಗಿ ತೋರಿಸಿದಳು. "ಇಲ್ಲಿ. ಮನೇಲಿ ಊಟ ಆರಿ ತಣ್ಣಗಾದ್ರೂ ಬಿಟ್ಟು ಬರಲ್ವಲ್ಲ, ಅದರಲ್ಲಿ ಅಂಥಾದ್ದೇನಿದೆ ನೋಡೋಣ ಅಂತ. ಸಣ್ಣಗೆ ಹೊಗೆ ಬರ್ತಾ ಇತ್ತು, ಚೆನ್ನಾಗಿತ್ತು. ಆದ್ರೆ ನೋಡಿ, ನಾನು ಬಗ್ಗಿದ ತಕ್ಷಣ ಹೊಗೆ ನಿಂತೇಹೋಯ್ತು!"

"ಆಮೇಲೆ?"

"ಮತ್ತೆ ಯಾವಾಗ ಸುಡುತ್ತೋ ಅಂತ ಕಾಯ್ತಾ ನಿಂತೆ. ನಿಮ್ಮ ಹೆಜ್ಜೆ ಸದ್ದು ಕೇಳಿದ ಮೇಲೇ ಚಹಾ ಬಗ್ಗಿಸೋಕೆ ಹೋದದ್ದು."

ವೀಕ್ಷಕ ಅಳತೆಪಟ್ಟಿ ಇಟ್ಟು ನೋಡಿದ. ಅವಳು ಕಾದು ನಿಂತ ಹೊತ್ತನ್ನು ಸೇರಿಸಿದರೆ ದೊಡ್ಡ ಸಾಹೇಬರ ದಾಖಲೆ ಮಣ್ಣುಪಾಲು. ಸೇರಿಸದಿದ್ದರೆ ಕೂದಲೆಳೆಯಷ್ಟು ಕಡಿಮೆ. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಅವನ ಮುಖ ನೋಡಿಯೇ ಅವಳಿಗೆ ವಿಷಯ ಅರ್ಥವಾಯಿತು, ಕಣ್ಣು ತುಂಬಿಬಂತು.

"ರೀ, ಒಂದು ಬೆಂಕಿಕಡ್ಡಿ ಗೀರಿ ಅಷ್ಟು ಜಾಗ ಸುಟ್ಟುಬಿಡಿ. ಯಾರಿಗೆ ಗೊತ್ತಾಗುತ್ತೆ?"

ಅವನ ಕಣ್ಣು ಒಂದು ಕ್ಷಣ ಬೆಂಕಿಪೊಟ್ಟಣ ಹುಡುಕಿದ್ದು ಸುಳ್ಳಲ್ಲ. ಆದರೆ ಸೂರ್ಯನನ್ನು ಮರೆಮಾಡಿ ನಿಂತುಕೊಂಡು, ಇನ್ನೂ ಯಾಕೆ ಸುಡುತ್ತಿಲ್ಲ ಎಂದು ಗುಂಡನ್ನೇ ಗದರಿಸುವಂತೆ ನೋಡುತ್ತಿದ್ದ ಹೆಂಡತಿ ಕಣ್ಣಮುಂದೆ ಬಂದಳು. ಅವನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ಮೊದಲು ಗಾಬರಿಯಾದ ಅವಳೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಜೊತೆಗೂಡಿದಳು. ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡುವಷ್ಟು ನಕ್ಕರು. ಸೋತ ಬೇಸರ ಅಷ್ಟರಲ್ಲಿ ಎತ್ತಲೋ ಹೋಗಿತ್ತು.

ಅವನು ಕಾರ್ಡಿನ ಹಿಂಬದಿಯಲ್ಲಿ ದುಂಡಗೆ ಬರೆದ: 'ಮೋಡವಿಲ್ಲ. ವೀಕ್ಷಕನ ಹೆಂಡತಿ ಅಡ್ಡ ನಿಂತಿದ್ದಳು.'

"ಅಯ್ಯೋ, ಸರ್ಕಾರಿ ಕಾಗದದಲ್ಲಿ ಹೀಗೆಲ್ಲ ಬರೀತಾರಾ?"

"ನಡೆದದ್ದು ತಾನೇ ಬರೆದಿದ್ದೀನಿ. ಚಹಾ ಉಳಿದಿದ್ರೆ ಕೊಡು."

ಲೋಟ ಬಾಯಿಗಿಡುವಷ್ಟರಲ್ಲಿ ಫೋನು ಬಂತು, ದೊಡ್ಡ ಸಾಹೇಬರದು. ತಮ್ಮ ದಾಖಲೆ ಭದ್ರವಾಗಿದೆಯೇ ಎಂದು ವಿಚಾರಿಸಿಕೊಳ್ಳದೆ ಈ ಸಂಜೆ ಆ ಮುದುಕರಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ಏನಯ್ಯಾ, ಮುರೀತಾ? ಇವತ್ತು ನನಗೂ ಭಯ ಆಗಿತ್ತು ಕಣೋ."

"ಇಲ್ಲ ಸಾರ್, ನೀವೇ ಗೆದ್ರಿ." ವೀಕ್ಷಕ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಹೆಂಡತಿ ನಾಚಿಕೆಯಿಂದ ಅವನ ತೋಳು ಚಿವುಟಿದಳು. ಸಾಹೇಬರು ಈಗ ಕೇಕೆ ಹಾಕುತ್ತಾರೆ ಎಂದು ಅವನು ಫೋನನ್ನು ಕಿವಿಯಿಂದ ಕೊಂಚ ದೂರವೇ ಹಿಡಿದ. ಕೇಕೆ ಬರಲಿಲ್ಲ.

"ನನ್ನ ಕಾರ್ಡು ನೋಡಿದ್ದೀಯಲ್ಲ," ಎಂದರು ಸಾಹೇಬರು. "ಗೆರೆ ಎಲ್ಲಾದ್ರೂ ಬಿಟ್ಟಿದೆಯೇನಯ್ಯಾ?"

"ಎಲ್ಲೂ ಇಲ್ಲ ಸಾರ್. ಒಂದೇ ಗೆರೆ."

"ಹೂಂ. ನಮ್ಮವಳು ತೀರಿಕೊಳ್ಳೋವರೆಗೂ ಒಂದು ದಿನಾನೂ ತಾರಸಿ ಹತ್ತಲಿಲ್ಲ. ನಾನು ಕರೆದಿದ್ರೆ ತಾನೇ!"